ನಾಲ್ಕು ದಿನದ ಕೆಮ್ಮು

ನಜರ್‌ಬಾದ್, ಮೈಸೂರು
೧೪ ಸೆಪ್ಟೆಂಬರ್ ೧೯೩೧

ನನ್ನ ಮುದ್ದು ಮಗಳು ರೋಸಮ್ಮನಿಗೆ,

ಸರ್ವೇಶ್ವರನಿಗೆ ಸ್ತೋತ್ರ. ಕೂಸು ಹಾಲು ಕುಡಿದು ಚೆನ್ನಾಗಿ ಮಲಗುತ್ತಿದೆಯೇ? ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ತಡವಾಯಿತೆಂದು ಬೇಸರಪಡಬೇಡ, ಬರೆಯಲು ಕುಳಿತಾಗಲೆಲ್ಲ ಸಿಟ್ಟು ಬಂದು ಲೇಖನಿ ಕೆಳಗಿಟ್ಟೆ. "ಹೆಣ್ಣು ಹುಟ್ಟಿತೆಂದೇ ನಿಮ್ಮಮ್ಮ ಚರ್ಚಿಗೆ, ಕೂಸಿನ ಜ್ಞಾನಸ್ನಾನಕ್ಕೆ ಬರಲಿಲ್ಲ" ಎಂದು ನಿನ್ನ ಅತ್ತೆ ಆಡಿದರಂತೆ. ಅವರ ಬಾಯಿಗೆ ಬೀಗವಿಲ್ಲ, ಬಿಡು. ನೀನೂ ನಂಬಿದೆಯಲ್ಲ, ಅದು ಮನಸ್ಸಿಗೆ ಚುಚ್ಚಿತು. ನೀನು ಹುಟ್ಟಿದಾಗ ಬೀದಿಗೆಲ್ಲ ಸಕ್ಕರೆ ಹಂಚಿಸಿದವಳು ನಾನು ಕಣೇ!

ಕೋಲಾರಕ್ಕೆ ಬಾರದಂತೆ ನನ್ನನ್ನು ತಡೆದದ್ದು ಕೆಮ್ಮು. ಬೂದಿ ಬುಧವಾರ ಹಿಡಿದದ್ದು ಇನ್ನೂ ಬಿಟ್ಟಿಲ್ಲ, ಏಳು ತಿಂಗಳಾಗುತ್ತ ಬಂತು. ನಿನ್ನ ಅಪ್ಪನಿಗೆ ಶುರುವಾದದ್ದು ಮೊನ್ನೆ ಮೊನ್ನೆ. ಅವರು ಕಾರ್ಖಾನೆಯಲ್ಲಿ ಬೀಟೆ ಮರ ಕೊರೆಯುತ್ತಾರೆ, ಆ ತುಂಡುಗಳನ್ನೇ ತಂದು ನನ್ನ ಮುಂದೆ ಸುರಿಯುತ್ತಾರೆ, ಉಪ್ಪುಕಾಗದ ಹಾಕಿ ಉಜ್ಜಿ ನುಣುಪು ಮಾಡುವವಳು ನಾನು. ಇಬ್ಬರ ಮೂಗಿಗೂ ಹೋಗುವ ಮರದ ಹುಡಿ ಒಂದೇ. ಆದರೆ ಅವರು ಕೆಮ್ಮಿದರೆ ಬೀದಿಯವರು "ಪಾಪ, ದುಡಿಯೋ ಎದೆ" ಅನ್ನುತ್ತಾರೆ. ನಾನು ಕೆಮ್ಮಿದರೆ, "ಆರೋಗ್ಯಮ್ಮನ ರಾಗ ಶುರುವಾಯ್ತು!"

ಹೋದ ವಾರ ಇಬ್ಬರೂ ದೇವರಾಜ ಮೊಹಲ್ಲಾದ ಒಬ್ಬ ಡಾಕ್ಟರ ಬಳಿ ಹೋದೆವು. ನಿನ್ನ ಅಪ್ಪನ ಎದೆಗೆ, ಬೆನ್ನಿಗೆ ಕೊಳವೆ ಇಟ್ಟು ನೋಡಿದ್ದೇ ನೋಡಿದ್ದು. ನನ್ನ ಸರದಿ ಬಂದಾಗ ಡಾಕ್ಟರು ನನ್ನನ್ನು ಬಿಟ್ಟು ನಿನ್ನ ಅಪ್ಪನ ಮುಖ ನೋಡಿ ಕೇಳಿದರು: "ಇವ್ರಿಗೆ ಎಷ್ಟು ದಿನದಿಂದ?"

"ಒಂದ್ ನಾಲ್ಕು ದಿನ ಇರ್ಬೋದು ಸ್ವಾಮಿ," ಎಂದುಬಿಟ್ಟರು ನಿನ್ನ ಅಪ್ಪ!

ನಾಲ್ಕು ದಿನ! ಪಕ್ಕದಲ್ಲೇ ಮಲಗುವ ಗಂಡ! ನಾನು ಹೇಳಲೆಂದು ಬಾಯಿ ತೆರೆದೆ, ಬಂದದ್ದು ಕೆಮ್ಮು. "ಹೆಂಗಸರ ಗಂಟಲು ನಾಜೂಕಮ್ಮ. ಒಗ್ಗರಣೆಗೂ ಕೆಮ್ತಾರೆ, ತಣ್ಣನೆ ಗಾಳಿಗೂ ಕೆಮ್ತಾರೆ. ಮನಸ್ಸು ಗಟ್ಟಿ ಮಾಡ್ಕೊಳ್ಳಿ," ಎಂದರು ಡಾಕ್ಟರು. ನಾಜೂಕೆಂದು ಗೊತ್ತಿದ್ದ ಮೇಲೆ ಹೆಚ್ಚು ನೋಡಬೇಕೋ, ಕಡಿಮೆ ನೋಡಬೇಕೋ, ನೀನೇ ಹೇಳು! ಅವರಿಗೆ ಸೀಸೆ ತುಂಬ ಔಷಧಿ, ನನಗೆ ಬುದ್ಧಿಮಾತು. ಹೊರಗೆ ಜಗಲಿಯ ಮೇಲೆ ಕೆಮ್ಮುತ್ತ ಕೂತವರಲ್ಲಿ ಮುಕ್ಕಾಲು ಪಾಲು ಹೆಂಗಸರೇ. ಒಬ್ಬೊಬ್ಬಳ ಪಕ್ಕದಲ್ಲೂ ಅವಳ ಪರವಾಗಿ ಉತ್ತರ ಹೇಳಲು ಒಬ್ಬ ಗಂಡಸು.

ದಾರಿಯಲ್ಲಿ ಹಿಡಿದು ಕೇಳಿದೆ. "ನಾನೇನ್ ದಿನ ಎಣಿಸ್ಕಂಡ್ ಕೂತಿದ್ನಾ? ನೀನ್ ಯಾವಾಗ್ಲೂ ಕೆಮ್ತಾನೇ ಇರ್ತೀಯಲ್ಲ," ಎಂದರು. ಯಾವಾಗಲೂ ಎಂದರೆ ನಾಲ್ಕು ದಿನವೇ? ಆ ರಾತ್ರಿ ಅವರ ಔಷಧಿ ಚಮಚಕ್ಕೆ ಹಾಕಿ ಕೊಡಲಿಲ್ಲ. ತಾವೇ ಹಾಕಿಕೊಂಡು ಅರ್ಧ ಚೆಲ್ಲಿದರು.

ಪಕ್ಕದ ಮನೆಯ ಚೆಲುವಮ್ಮ ಕೇಳಿ ಕೆಂಡವಾದಳು. "ನಾಳಿದ್ದು ಹೆಂಗಸು ಡಾಕ್ಟರತ್ರ ನಾನ್ ಕರ್ಕೊಂಡೋಗ್ತೀನಿ ಕಣಮ್ಮ. ನಿಮ್ಮೆಜಮಾನ್ರು ಮನೇಲೇ ಇರ್ಲಿ," ಎಂದಿದ್ದಾಳೆ. ಹೋಗುತ್ತೇನೆ. ಎಷ್ಟು ದಿನದಿಂದ ಎಂದರೆ ಈ ಸಲ ನಾನೇ ಹೇಳುತ್ತೇನೆ. ನಡುವೆ ಕೆಮ್ಮು ಬಂದರೆ ಅದು ಮುಗಿಯುವವರೆಗೆ ಕಾಯಲಿ.

ಬಾಣಂತಿ ನೀನು, ತಲೆಗೆ ಗಾಳಿ ತಾಗಿಸಿಕೊಳ್ಳಬೇಡ. ದೇವಮಾತೆ ನಿನ್ನನ್ನೂ ಕೂಸನ್ನೂ ಮಡಿಲಲ್ಲಿಟ್ಟು ಕಾಯಲಿ.

ನಿನ್ನ ತಾಯಿ,
ಆರೋಗ್ಯಮ್ಮ

ಮರೆತ ವಿಷಯ: ಮರೆತು ಉಳಿದದ್ದಲ್ಲ, ಧೈರ್ಯ ಸಾಲದೆ ಉಳಿದದ್ದು. ಓದಿ ಒಲೆಗೆ ಹಾಕು. ಜೋರಾಗಿ ಕೆಮ್ಮಿದರೆ ನನಗೆ ಸೀರೆ ಒದ್ದೆಯಾಗಿಬಿಡುತ್ತದೆ, ರೋಸಿ. ನಿನ್ನ ಅಪ್ಪನಿಗೆ ಈ ಗೋಳಿಲ್ಲ. ಅವರೆದುರು, ಆ ಡಾಕ್ಟರೆದುರು ಯಾವ ಬಾಯಿಂದ ಹೇಳಲಿ? ಜೂನ್‌ನಿಂದ ಚರ್ಚಿನ ಭಾನುವಾರದ ಪೂಜೆಗೂ ಹೋಗಿಲ್ಲ. ಜ್ಞಾನಸ್ನಾನದ ಹೊತ್ತಿಗೆ ಜ್ಞಾನತಾಯಿಯಾಗಿ ಕೂಸನ್ನು ಎತ್ತಿಕೊಂಡು ನಾನೇ ನಿಲ್ಲಬೇಕೆಂಬ ನಿನ್ನ ಮೊದಲಿನ ಕಾಗದ ಬಂದ ದಿನವೇ ಬಿಳಿ ಸೀರೆ ತೆಗೆದು ಮಡಿಕೆ ಸರಿ ಮಾಡಿಟ್ಟಿದ್ದೆ. "ಒದ್ದೆಯಾದ್ರೆ ಕೂಸು ಮಾಡ್ತು ಅಂದ್ಬುಡಿ, ಯಾರ್ ಕೇಳ್ತಾರೆ?" ಎಂದಳು ಚೆಲುವಮ್ಮ. ನಿಜ, ಯಾರೂ ಕೇಳುತ್ತಿರಲಿಲ್ಲ. ಆದರೆ ಇಪ್ಪತ್ತು ದಿನದ ಹೆಣ್ಣುಕೂಸು, ತನ್ನದಲ್ಲದ ತಪ್ಪನ್ನು ಅಷ್ಟು ಬೇಗ ಅದರ ತಲೆಗೆ ಕಟ್ಟಲು ನನಗೆ ಮನಸ್ಸು ಬರಲಿಲ್ಲ.