ನಾಲ್ಕೂವರೆ ಇಂಚು

ಪ್ರಿಯ ಕತ್ತರಿ,

ಮೊದಲು ಸುದ್ದಿ, ಮಿಕ್ಕಿದ್ದೆಲ್ಲ ಆಮೇಲೆ. ಗಂಟಿಲ್ಲ. ಐದು ತಿಂಗಳ ಹಿಂದೆ ನನ್ನ ಕರುಳಿನಿಂದ ತೆಗೆದರಲ್ಲ, ಆ ಗಂಟು ಮತ್ತೆ ಎಲ್ಲಾದರೂ ತಲೆ ಎತ್ತಿದೆಯೋ ಎಂದು ಮೊನ್ನೆ ಒಳಗೆಲ್ಲ ಕ್ಯಾಮೆರಾ ಬಿಟ್ಟು ಹುಡುಕಿದರು. ಎಲ್ಲೂ ಇಲ್ಲ.

ನಿನ್ನೆ ಫೋನಿನಲ್ಲಿ ನಾನು ಮೂರು ಸಲ ಕೂಗಿ ಹೇಳಿದ್ದು ಇದನ್ನೇ. "ಗಂಟಿಲ್ಲ ಕಣೋ, ಗಂಟಿಲ್ಲ!" ಅಂದರೆ ನೀನು, "ಗಂಟಲಾ? ಬಿಸಿನೀರಿಗೆ ಉಪ್ಪು ಹಾಕ್ಕೊಂಡು ಮುಕ್ಕಳಿಸು, ಎರಡು ದಿನದಲ್ಲಿ ಸರಿಹೋಗುತ್ತೆ" ಅಂದು ಫೋನ್ ಇಟ್ಟೇಬಿಟ್ಟೆ. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಗಳು ಅಡುಗೆಮನೆಯಿಂದ ಓಡಿಬಂದಳು. ಮತ್ತೆ ಫೋನ್ ಮಾಡೋಣ ಅಂದರು. ನಾನು ಬೇಡ ಅಂದೆ. ನಲವತ್ತು ವರ್ಷ ಪ್ರೆಸ್ಸಿನಲ್ಲಿ ಊರವರ ಮಾತಿಗೆಲ್ಲ ಅಚ್ಚುಮೊಳೆ ಜೋಡಿಸಿದವನು ನಾನು, ನನ್ನದೇ ಎರಡು ಮಾತನ್ನು ಒಬ್ಬನಿಗೆ ಬರೆಯಲಾರೆನೇ ಎನ್ನಿಸಿತು. ಡ್ರೈವರಿಗೂ ಡ್ರಿಲ್ ಮೇಷ್ಟರಿಗೂ ವಿಷಯ ತಿಳಿಸಿದ್ದೇನೆ, ಆದರೆ ಕಾಗದ ನಿನ್ನ ಕೈ ಸೇರುವ ತನಕ ಬಾಯಿ ಬಿಡಕೂಡದು ಎಂದು ಕಟ್ಟಪ್ಪಣೆ ಮಾಡಿದ್ದೇನೆ. ಕಾಗದ ನಿನಗೆ ತಲುಪುವ ಈ ನಾಲ್ಕು ದಿನ ಡ್ರೈವರ್ ನಿನ್ನ ಮುಖ ನೋಡಿ ಸುಮ್ಮಸುಮ್ಮನೆ ಹಲ್ಲು ಕಿರಿದಿದ್ದರೆ ಕಾರಣ ಅದೇ. ಆ ಮನುಷ್ಯನ ಹೊಟ್ಟೆಯಲ್ಲಿ ಕಷಾಯ ನಿಲ್ಲಬಹುದು, ಗುಟ್ಟು ನಿಲ್ಲುವುದಿಲ್ಲ.

ಇಲ್ಲಿ ಮಗಳ ಮನೆಯ ಕಿಟಕಿ ಪಕ್ಕ ಕೂತು ನಿನ್ನ ಟೈಲರ್ ಅಂಗಡಿಯನ್ನೇ ನೆನೆಯುತ್ತಿದ್ದೇನೆ. ಹತ್ತು ಗಂಟೆಗೆ ಸರಿಯಾಗಿ ನಾವು ಮೂವರೂ ನಿನ್ನ ಬೆಂಚಿನ ಮೇಲೆ ಹಾಜರು. ನೀನು ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ ಕೇಳುತ್ತಿದ್ದೆ, "ಹೂಂ, ಇವತ್ತು ಯಾರದೇನು?" ಅಷ್ಟು ಸಾಕು, ಶುರುವಾಗುತ್ತಿತ್ತು. ಡ್ರೈವರಿಗೆ ಮಂಡಿ, ಮೇಷ್ಟರಿಗೆ ಎದೆಯುರಿ, ನನಗೆ ಒಣಕೆಮ್ಮು. ಒಬ್ಬೊಬ್ಬರದೂ ಒಂದೊಂದು ಮದ್ದು. ಶುಂಠಿ, ಮೆಣಸು, ಜೇನುತುಪ್ಪ, ನೆನೆಸಿದ ಒಣದ್ರಾಕ್ಷಿ. ನಿನ್ನ ಕಿವಿಗೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟದ್ದು ಡ್ರೈವರೇ ತಾನೆ? ಕಿವಿ ಇದ್ದಂತೆಯೇ ಇತ್ತು, ಆದರೆ ಒಂದು ವಾರ ಅಂಗಡಿಗೆ ಬಂದವರೆಲ್ಲ ಮೂಗು ಹಿಡಿದುಕೊಂಡು ಅಳತೆ ಕೊಟ್ಟರು.

ಆ ಇಸ್ತ್ರಿಯ ದಿನ ನೆನಪಿದೆಯಾ? ಮಂಡಿಗೆ ಬಿಸಿ ಶಾಖ ಕೊಡಬೇಕು ಅಂದೆ ನೀನು. ಡ್ರೈವರ್ ಪ್ಯಾಂಟು ಮಡಚಿ ಇಸ್ತ್ರಿ ಮೇಜಿನ ಮೇಲೆ ಕಾಲು ಚಾಚಿದ. ನೀನು ಕಂಬಳಿ ತುಂಡನ್ನು ನಾಲ್ಕು ಮಡಿಕೆ ಮಾಡಿ ಹೊದಿಸಿ, ಅರ್ಧ ಆರಿದ ಇಸ್ತ್ರಿಪೆಟ್ಟಿಗೆಯನ್ನು ಮೆಲ್ಲಗೆ ಆಡಿಸುತ್ತಿದ್ದೆ. ಅಷ್ಟರಲ್ಲಿ ಬ್ಯಾಂಕಿನ ಮೇಡಂ ರವಿಕೆ ಒಯ್ಯಲು ಬಂದರು. ಬಾಗಿಲಲ್ಲೇ ನಿಂತು, "ನನ್ನದು ಆಮೇಲೆ ಮಾಡಿ, ಮೊದಲು ಅವರ ಸುಕ್ಕು ತೆಗೀರಿ" ಅಂದರು. ಡ್ರೈವರ್ ಮುಖ ಎಲ್ಲಿಟ್ಟುಕೊಳ್ಳುವುದು ಎಂದು ತಿಳಿಯದೆ ಪಕ್ಕದಲ್ಲಿದ್ದ ಯಾವುದೋ ರವಿಕೆಯನ್ನು ಮುಖದ ಮೇಲೆ ಎಳೆದುಕೊಂಡ. ಅದು ಆ ಮೇಡಮ್ಮಿನದೇ ರವಿಕೆ!

ಇನ್ನೊಂದು ದಿನ ಮೇಷ್ಟರು ಮೈದಾನದ ದನಿಯಲ್ಲಿ, ನಿನಗೆ ಕೇಳಿಸಲಿ ಎಂದು ಕೇಳಿದರು: "ಮಲಗಿದ ಮೇಲೆ ನೀವೆಲ್ಲ ಎಷ್ಟು ಸಲ ಎದ್ದು ಹೋಗ್ತೀರಿ?" ನೀನು ಮೆಷಿನ್ನಿನಿಂದ ತಲೆ ಎತ್ತದೆ "ನಾಲ್ಕು" ಅಂದೆ. ಡ್ರೈವರ್ "ಐದು" ಅಂದ. ನಾನು ಮೂರು ಎನ್ನುವಷ್ಟರಲ್ಲಿ ಎದುರು ಬೇಕರಿಯ ಅಕ್ಕ ರಸ್ತೆಯಾಚೆಯಿಂದಲೇ ಕೂಗಿ ಹೇಳಿದರು, "ನಮ್ಮನೆಯವರು ಆರು!" ಅವತ್ತಿನಿಂದ ಅಕ್ಕನ ಯಜಮಾನರು ನಮ್ಮ ಬೆಂಚಿನ ಕಡೆ ತಲೆ ಹಾಕಿಲ್ಲ.

ಇಷ್ಟೆಲ್ಲ ಬಾಯಿಬಿಟ್ಟು ಆಡಿಕೊಂಡು ನಗುತ್ತಿದ್ದ ಜಾಗದಲ್ಲೇ ನಾನು ಒಂದು ವಿಷಯವನ್ನು ಮುಚ್ಚಿಟ್ಟುಕೊಂಡು ಕೂತಿದ್ದೆ. ಬೆಳಗ್ಗೆ ಕಕ್ಕಸಿಗೆ ಹೋದಾಗ ರಕ್ತ ಕಾಣಿಸುತ್ತಿತ್ತು. ಮೊದಲು ವಾರಕ್ಕೊಮ್ಮೆ, ಆಮೇಲೆ ದಿನಬಿಟ್ಟು ದಿನ. ಮೂಲವ್ಯಾಧಿ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ದ್ರಾಕ್ಷಿ ನೆನೆಸಿ ತಿಂದೆ, ಖಾರ ಬಿಟ್ಟೆ, ಮಜ್ಜಿಗೆ ಕುಡಿದೆ. ಒಳಗೊಳಗೇ ಗೊತ್ತಿತ್ತು ಕಣೋ, ಇದು ಅದಲ್ಲ ಅಂತ. ಆದರೆ ಮಂಡಿನೋವು, ಕೆಮ್ಮು ಇವೆಲ್ಲ ನಾಲ್ಕು ಜನರ ಮುಂದೆ ಹೇಳಿಕೊಳ್ಳುವ ನೋವು. ಇದನ್ನು ಯಾವ ಬಾಯಲ್ಲಿ ಹೇಳಲಿ? ಹೇಳಿದರೆ ಅದು ನಿಜವೇ ಆಗಿಬಿಟ್ಟರೆ? ಒಂದು ಕಾಲಕ್ಕೆ ಪ್ರೆಸ್ಸಿನಲ್ಲಿ ಊರವರ ತಪ್ಪನ್ನೆಲ್ಲ ಭೂತಗನ್ನಡಿ ಹಿಡಿದು ಹುಡುಕಿದವನು, ನನ್ನ ಸಾಲು ಬಂದಾಗ ಕಣ್ಣು ಮುಚ್ಚಿಕೊಂಡೆ.

ಪ್ಯಾಂಟು ಜಾರತೊಡಗಿತು. ಹೆಂಡತಿಗೆ ಗೊತ್ತಾದರೆ ಮನೆಯಲ್ಲಿ ನಿಲ್ಲಿಸಿ ವಿಚಾರಣೆ ಮಾಡುತ್ತಾಳೆ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವಳು, ಎದುರಿನವರು ಸುಳ್ಳು ಹೇಳಿದರೆ ಉಸಿರಿನಲ್ಲೇ ಹಿಡಿಯುತ್ತಾಳೆ. ಅದಕ್ಕೇ ನಿನ್ನ ಹತ್ತಿರ ಬಂದು, "ಹೊಟ್ಟೆ ಕರಗಿದೆ, ಸೊಂಟ ಒಂದಿಷ್ಟು ಹಿಡಿದುಕೊಡು" ಅಂದೆ. ಬೆಂಚಿನ ಮೇಲೆ ಸಂಭ್ರಮವೋ ಸಂಭ್ರಮ. ನಿಂಬೆರಸ, ಜೇನುತುಪ್ಪದ ಮಹಿಮೆ ಅಂದ ಡ್ರೈವರ್. ಮರುದಿನದಿಂದ ಅವನೂ ಶುರು ಹಚ್ಚಿಕೊಂಡ. ಮೇಷ್ಟರು ನನ್ನನ್ನು ಎದ್ದು ನಿಲ್ಲಿಸಿ, ತಿರುಗಿಸಿ, "ಇಪ್ಪತ್ತೈದರ ಹುಡುಗ ಕಣಯ್ಯಾ ನೀನು!" ಎಂದು ಬೆನ್ನು ತಟ್ಟಿದರು. ನಾನೂ ಹಲ್ಲುಬಿಟ್ಟೆ. ಆರು ವಾರಕ್ಕೆ ಮತ್ತೆ ಬಂದೆ. ಮತ್ತೆ ಆರು ವಾರಕ್ಕೆ ಮೂರನೇ ಸಲ.

ಆ ಮೂರನೇ ಸಲ ನೀನು ನಗಲಿಲ್ಲ. ಟೇಪು ಸುತ್ತಿ ನೋಡಿದೆ, ಬಿಚ್ಚಿ ಮತ್ತೆ ಸುತ್ತಿದೆ. ಆಮೇಲೆ ಮೆಷಿನ್ನಿನ ಕೆಳಗಿನ ಖಾನೆಯಿಂದ ಅಳತೆ ಪುಸ್ತಕ ತೆಗೆದು, ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಹಾಳೆ ಮಗುಚಿದೆ. ನನ್ನನ್ನು ಬಟ್ಟೆ ಬದಲಾಯಿಸುವ ಪರದೆಯ ಹಿಂದಕ್ಕೆ ಕರೆದುಕೊಂಡು ಹೋದೆ. ಯಾವಾಗಲೂ ಬೀದಿಗೆಲ್ಲ ಕೇಳುವಂತೆ ಮಾತಾಡುವ ನೀನು ಅವತ್ತು ಪಿಸುದನಿಯಲ್ಲಿ ಹೇಳಿದೆ:

"ಹನ್ನೊಂದು ವರ್ಷ ನಿನ್ನ ಸೊಂಟ ಮೂವತ್ತಾರು. ಈಗ ಮೂರು ತಿಂಗಳಲ್ಲಿ ನಾಲ್ಕೂವರೆ ಇಂಚು ಹೋಗಿದೆ. ಭುಜ ಇಳಿದಿದೆ, ಕತ್ತು ಸಣ್ಣ ಆಗಿದೆ. ನಿಂಬೆರಸ ಕುಡಿದ್ರೆ ಕತ್ತು ಸಣ್ಣ ಆಗಲ್ಲ. ಏನು ಮುಚ್ಚಿಡ್ತಿದೀಯ?"

ನಾನು ಪರದೆ ನೋಡಿದೆ, ಕನ್ನಡಿ ನೋಡಿದೆ, ನೆಲ ನೋಡಿದೆ. ಆಮೇಲೆ ಹೇಳಿದೆ. ನಿನಗೆ ಕೇಳಿಸಬೇಕಲ್ಲ, ನಿನ್ನ ಕಿವಿಯ ಹತ್ತಿರ ಬಾಯಿಟ್ಟು ಹೇಳಿದೆ. ಹೇಳುತ್ತಲೇ ನಿನ್ನ ಭುಜ ಹಿಡಿದುಕೊಂಡೆ. ನೀನು ಯಾವ ಮದ್ದನ್ನೂ ಹೇಳಲಿಲ್ಲ. ಆ ಅಂಗಡಿಯಲ್ಲಿ ಒಂದು ಕಾಯಿಲೆಗೆ ನೀನು ಮದ್ದು ಹೇಳದೇ ಬಿಟ್ಟದ್ದು ಅದೇ ಮೊದಲು. "ಇದಕ್ಕೆ ನನ್ನ ಹತ್ರ ಏನೂ ಇಲ್ಲ. ನಡಿ" ಅಂದೆ, ಅಷ್ಟೇ.

ಮೇಜಿನ ಮೇಲೆ ಮರುದಿನದ ಮದುವೆ ಗಂಡಿನ ಕೋಟು ಒಂದು ತೋಳಿಲ್ಲದೆ ಬಿದ್ದಿತ್ತು. ಡ್ರೈವರಿಗೂ ಮೇಷ್ಟರಿಗೂ "ಎದ್ದೇಳಿ, ಬಾಗಿಲು ಹಾಕ್ಬೇಕು" ಅಂದೆ. ಕೆಲಸದ ದಿನ ಬೆಳಗ್ಗೆ ಹನ್ನೊಂದು ಗಂಟೆಗೆ ನಿನ್ನ ಅಂಗಡಿಗೆ ಬೀಗ! ಬೇಕರಿ ಅಕ್ಕ ಯಾರಿಗೋ ಏನೋ ಆಗಿದೆ ಎಂದು ಓಡಿಬಂದರು. ನೀನು ಅಳತೆ ಪುಸ್ತಕವನ್ನು ಕಂಕುಳಲ್ಲಿ ಅವುಚಿಕೊಂಡು, ಇನ್ನೊಂದು ಕೈಯಲ್ಲಿ ನನ್ನ ಮುಂಗೈ ಹಿಡಿದು ನಡೆದೇಬಿಟ್ಟೆ. ಅಪ್ಪನ ಕೈ ಬಿಟ್ಟ ಮೇಲೆ ನನ್ನನ್ನು ಯಾರೂ ಹಾಗೆ ಕೈಹಿಡಿದು ರಸ್ತೆ ದಾಟಿಸಿರಲಿಲ್ಲ.

ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮನ ಮುಂದೆ ನಾನು ಕುರ್ಚಿಯ ತುದಿಯಲ್ಲಿ ಕೂತಿದ್ದೆ. ನೀನು ಪುಸ್ತಕ ಬಿಡಿಸಿ ಆಕೆಯ ಮೇಜಿನ ಮೇಲಿಟ್ಟು, ತಾರೀಖಿನ ಮೇಲೆ ಬೆರಳಿಟ್ಟು ಒಂದೊಂದಾಗಿ ಓದಿದೆ. "ಸೊಂಟ, ಎದೆ, ಕತ್ತು. ನೋಡಿ ಡಾಕ್ಟ್ರೇ, ಇದು ಸರಿ ಇಲ್ಲ." ಆಕೆ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು ಎಷ್ಟೋ ಹೊತ್ತು ನೋಡಿದರು. "ಇಷ್ಟು ಚೊಕ್ಕವಾಗಿ ಯಾವ ರೋಗಿಯೂ ತನ್ನ ಕಾಯಿಲೆ ಹೇಳ್ಕೊಂಡಿಲ್ಲ" ಅಂದರು. ಅದೇ ವಾರ ಪರೀಕ್ಷೆ, ಮುಂದಿನ ವಾರ ಆಸ್ಪತ್ರೆ. ಗಂಟು ಕರುಳಿನ ಗೋಡೆ ದಾಟಿರಲಿಲ್ಲ. ಇನ್ನು ಮೂರು ನಾಲ್ಕು ತಿಂಗಳು ಬಿಟ್ಟಿದ್ದರೆ ದಾಟುತ್ತಿತ್ತು ಎಂದು ಆಪರೇಷನ್ ಮಾಡಿದವರು ಹೇಳಿದರು. ಆ ಮಾತು ಕೇಳಿ ಇವಳು ಮೊದಲು ಅತ್ತಳು, ಆಮೇಲೆ ನನಗೆ ಬೈದಳು, ಆಮೇಲೆ ನಿನಗೆ ಬೈದಳು. "ಪ್ಯಾಂಟು ಎರಡು ಸಲ ಹಿಡಿದುಕೊಟ್ಟಿರಲ್ಲ, ಆಗಲೇ ಒಂದು ಮಾತು ಹೇಳ್ಬಾರದಿತ್ತೇ?" ನೀನು ತಪ್ಪು ಮಾಡಿದ ಹುಡುಗನ ಹಾಗೆ ತಲೆ ತಗ್ಗಿಸಿ ನಿಂತೆ. ಅದನ್ನು ಮನಸ್ಸಿಗೆ ಹಚ್ಚಿಕೊಂಡಿದ್ದೀಯ ಅಂತ ಡ್ರೈವರ್ ಹೇಳಿದ. ಹಚ್ಚಿಕೊಳ್ಳಬೇಡ. ಅವಳು ನಮ್ಮವರು ಅಂದುಕೊಂಡವರಿಗೆ ಮಾತ್ರ ಬೈಯುವುದು.

ಆಪರೇಷನ್ನಿನ ಹಿಂದಿನ ಮಧ್ಯಾಹ್ನದ್ದನ್ನು ನಿನಗೆ ಹೇಳಲೇಬೇಕು. ಆಸ್ಪತ್ರೆಯವರು ಆ ಬೆನ್ನು ತೆರೆದ ನಿಲುವಂಗಿ ಕೊಟ್ಟಿದ್ದರು. ಹಿಂದಿನ ಲಾಡಿಗಳಲ್ಲಿ ಒಂದು ಕಿತ್ತುಹೋಗಿತ್ತು. ಇವಳೂ ಮಗಳೂ ಊಟಕ್ಕೆ ಹೋಗಿದ್ದರು. ನನಗೆ ಒಳಗೆ ಎಂಥಾ ಹೆದರಿಕೆ ಎಂದರೆ ಕೈಕಾಲು ತಣ್ಣಗಾಗಿ, ಹಲ್ಲು ಕಟಕಟ ಎನ್ನುತ್ತಿತ್ತು. ಆಗ ನೀನು ಬಂದೆ. "ಹೆದರಬೇಡ" ಎನ್ನಲಿಲ್ಲ. ನಾನು ಹಿಂದಿನಿಂದ ಅಂಗಿ ಹಿಡಿದುಕೊಂಡು ನಿಂತಿದ್ದನ್ನು ನೋಡಿದೆ. "ಯಾವ ಅಡ್ಡಕಸುಬಿ ಹೊಲಿದಿದ್ದು ಇದು?" ಅಂದು ಕಾಲರಿನ ಹಿಂದೆ ಸಿಕ್ಕಿಸಿಕೊಂಡಿದ್ದ ಸೂಜಿದಾರ ತೆಗೆದು, ನನ್ನನ್ನು ಗೋಡೆಗೆ ಮುಖಮಾಡಿ ನಿಲ್ಲಿಸಿ, ನಿನ್ನ ಕರವಸ್ತ್ರವನ್ನೇ ಹರಿದು ಎರಡು ಲಾಡಿ ಹೊಲಿದು ಕಟ್ಟಿದೆ. ಬೆನ್ನ ಮೇಲೆ ನಿನ್ನ ಬೆರಳು ಓಡಾಡುತ್ತಿದ್ದಷ್ಟು ಹೊತ್ತು ನಡುಕ ಕಡಿಮೆಯಾಗುತ್ತ ಹೋಯಿತು. ಹಲ್ಲಿನಿಂದ ದಾರ ಕಡಿದು, "ಈಗ ಯಾವ ಕಡೆಯಿಂದ ನೋಡಿದ್ರೂ ಮರ್ಯಾದಸ್ಥ" ಅಂದೆ. ನಾನು ನಕ್ಕೆ. ಮರುದಿನ ಬೆಳಗ್ಗೆ ಗಾಲಿಮಂಚದಲ್ಲಿ ತಳ್ಳಿಕೊಂಡು ಹೋಗುವಾಗಲೂ ಅದನ್ನೇ ನೆನೆದು ನಗುತ್ತಿದ್ದೆನಂತೆ. ನರ್ಸಮ್ಮ ಆಮೇಲೆ ಹೇಳಿದರು. ಇದಕ್ಕೆಲ್ಲ ನಿನ್ನ ಮುಖ ನೋಡಿ ಒಂದು ಮಾತು ಹೇಳಬೇಕು ಎಂದು ಐದು ತಿಂಗಳಿಂದ ಬೆಂಚಿನ ಮೇಲೆ ಕೂತು ಬಾಯಿ ತೆರೆದಿದ್ದೇನೆ. ಪ್ರತಿ ಸಲ ಬಾಯಿಗೆ ಬಂದದ್ದು ಒಣಕೆಮ್ಮಿನ ವಿಚಾರ. ಇಲ್ಲಿ ಬರೆಯುತ್ತಿದ್ದೇನೆ. ನೀನು ನನ್ನನ್ನು ಉಳಿಸಿದೆ, ಕತ್ತರಿ. ಬೇರೆ ಪದ ಹುಡುಕಿದೆ, ಸಿಗಲಿಲ್ಲ.

ಈಗ ನಿನ್ನ ಕಿವಿಯ ವಿಚಾರ. ಕಾಗದ ಮಡಚಬೇಡ, ಪೂರ್ತಿ ಓದು. ಹೋದ ತಿಂಗಳು ನೀನು ರಸ್ತೆ ದಾಟುವಾಗ ಲಾರಿಯ ಹಾರ್ನ್ ನಿನಗೆ ಕೇಳಿಸಲಿಲ್ಲ. ಡ್ರೈವರ್ ನಿನ್ನ ಕಾಲರ್ ಹಿಡಿದು ಹಿಂದಕ್ಕೆಳೆದ. ನೀನು ಎದ್ದು, ಮೈ ಕೊಡವಿಕೊಂಡು, "ಹಾರ್ನೇ ಹೊಡೀಲಿಲ್ಲ ಅವನು" ಅಂದೆ. ಹೊಡೆದಿದ್ದ. ಇಡೀ ಬೀದಿ ತಿರುಗಿ ನೋಡಿತ್ತು. ಆವತ್ತಿನಿಂದ ಡ್ರೈವರ್ ನೀನು ಬಾಗಿಲು ಹಾಕುವ ತನಕ ಕಾದು, ನಿನ್ನ ಹಿಂದೆಯೇ ನಿನ್ನ ಮನೆ ತನಕ ಕುಂಟುತ್ತ ಬರುತ್ತಾನೆ. ವಾಯುವಿಹಾರ ಎಂದು ಸುಳ್ಳು ಹೇಳುತ್ತಾನೆ. ಆ ಮಂಡಿ ಇಟ್ಟುಕೊಂಡು ಯಾರಾದರೂ ವಾಯುವಿಹಾರ ಮಾಡುತ್ತಾರೇನೋ?

ನೀನು ಬೇರೆಯವರ ಮೈಯಲ್ಲಿ ಅರ್ಧ ಇಂಚು ವ್ಯತ್ಯಾಸವನ್ನೂ ಬಿಡದವನು, ನಿನ್ನದನ್ನು ಮಾತ್ರ ನಾವೆಲ್ಲ ಗೊಣಗುವುದರಿಂದ ಆದ ತೊಂದರೆ ಎನ್ನುತ್ತೀಯ. ಇನ್ನೊಂದು ಗುಟ್ಟು ಹೇಳಲೇ? ಮೇಷ್ಟರು ಎರಡು ವಾರದಿಂದ ಕಿವಿ ಮುಚ್ಚುವ ಟೋಪಿ ಹಾಕಿಕೊಂಡು ಬರುತ್ತಿಲ್ಲವೇ? ಶೀತವಲ್ಲ. ಅವರು ಹೋಗಿ ಪರೀಕ್ಷೆ ಮಾಡಿಸಿ ಕಿವಿಗೆ ಮೆಷಿನ್ ಹಾಕಿಸಿಕೊಂಡಿದ್ದಾರೆ. ನಿನಗೆ ಬೇಜಾರಾಗಬಾರದು, ಮೊದಲು ತಾನು ಪ್ರಯೋಗ ಮಾಡಿ ನೋಡುತ್ತೇನೆ ಎಂದು ಹೊರಟವರು. ತಮ್ಮ ಮನೆ ಫ್ಯಾನು ಮೂರು ವರ್ಷದಿಂದ ಕಿರುಗುಟ್ಟುತ್ತಿದೆ ಎಂದು ಅವರಿಗೆ ಈಗ ಗೊತ್ತಾಯಿತಂತೆ. ಹೆಂಡತಿ ಬೆಳಗ್ಗೆ ಅಡುಗೆಮನೆಯಲ್ಲಿ ಹಾಡಿಕೊಳ್ಳುತ್ತಾಳೆ ಎಂದೂ. ಸೋಮವಾರ ಹತ್ತೂವರೆಗೆ ಮೇಷ್ಟರು ತೋರಿಸಿಕೊಂಡ ಅದೇ ಕಿವಿ ಡಾಕ್ಟರ ಹತ್ತಿರ ನಿನ್ನ ಹೆಸರು ಬರೆಸಿದ್ದೇವೆ. ಶನಿವಾರ ನಾನು ಬರುತ್ತೇನೆ. ಸೋಮವಾರ ನಿನ್ನ ಅಂಗಡಿಗೆ ಬೀಗ ಹಾಕುವವನು ನಾನು. ಹಟ ಮಾಡಿದರೆ ಇವಳನ್ನು ಕರೆತರುತ್ತೇನೆ, ಆಮೇಲೆ ನನ್ನನ್ನು ಕೇಳಬೇಡ.

ಇವತ್ತು ಬೆಳಗ್ಗೆ ಒಂದು ವಿಶೇಷ ನಡೆಯಿತು, ಅದನ್ನು ಹೇಳಿ ಮುಗಿಸುತ್ತೇನೆ. ಆರು ಗಂಟೆಗೆ ಎಚ್ಚರವಾಯಿತು. ಮನೆಯಲ್ಲಿ ಯಾರೂ ಎದ್ದಿರಲಿಲ್ಲ. ಹೊಟ್ಟೆಯಲ್ಲಿ ಏನೋ ಒಂಥರಾ ಆಗುತ್ತಿತ್ತು. ಹಾಸಿಗೆ ಮೇಲೆ ಎದ್ದು ಕೂತು, ಕೈಯಿಂದ ಒತ್ತಿ ನೋಡಿದೆ. ನೋವಲ್ಲ, ಉರಿಯಲ್ಲ, ಹೊಟ್ಟೆಯುಬ್ಬರವೂ ಅಲ್ಲ. ಸ್ವಲ್ಪ ಹೊತ್ತಾದ ಮೇಲೆ ಗುರುತು ಸಿಕ್ಕಿತು. ಹಸಿವು! ಎಷ್ಟೋ ತಿಂಗಳಿಂದ ಗಡಿಯಾರ ನೋಡಿ ತಿನ್ನುತ್ತಿದ್ದವನಿಗೆ ಹಸಿವಿನ ಮುಖವೇ ಮರೆತುಹೋಗಿತ್ತು. ಎದ್ದು ಅಡುಗೆಮನೆಗೆ ಹೋಗಿ, ದೀಪ ಹಾಕಿ, ನಿಂತಲ್ಲೇ ಮೂರು ಬ್ರೆಡ್ಡು, ಎರಡು ಬಾಳೆಹಣ್ಣು ತಿಂದೆ. ಸದ್ದಿಗೆ ಇವಳು ಎದ್ದು ಬಾಗಿಲಲ್ಲಿ ಬಂದು ನಿಂತಳು. ಬೈಯುತ್ತಾಳೆ ಅಂದುಕೊಂಡೆ. ಅವಳು ಒಲೆ ಹಚ್ಚಿ, ನನಗೆ ಎರಡು ಮೊಟ್ಟೆ ಬೇಯಲಿಟ್ಟಳು.

ನಿನಗಿಂತ ಎರಡು ವರ್ಷ ದೊಡ್ಡವನು ಎಂಬ ಒಂದೇ ಹಕ್ಕಿನಿಂದ ಹರಸುತ್ತಿದ್ದೇನೆ: ನಿನ್ನ ಕೈ ನಡುಗದಿರಲಿ, ಕಣ್ಣು ಮಂಜಾಗದಿರಲಿ, ಕೆಲಸ ಕೈತುಂಬ ಇರಲಿ. ನೂರು ವರ್ಷ ಬಾಳು, ಚೆನ್ನಾಗಿ ಕೇಳಿಸಿಕೊಂಡು ಬಾಳು.

ಶನಿವಾರಕ್ಕೆ ಕಾಯುತ್ತಿರುವ
ನಿನ್ನ ಅಚ್ಚುಮೊಳೆ