ಗಂಡನ ಹೆಸರಿನ ಕಾಲಂ

ಸೋಮವಾರ, 5 ಫೆಬ್ರವರಿ 2024

ಲಿಂಗರಾಜಪುರ ಫ್ಲೈಓವರ್ ಮೇಲೆ ಮತ್ತೆ ಜಾಮ್. ಸಿ.ವಿ. ರಾಮನ್ ನಗರದ ಆಫೀಸು ತಲುಪಿದಾಗ ಹತ್ತೂಕಾಲು. ಇವತ್ತೂ ಅದೇ ಕೆಲಸ — ವಿಮಾ ಕಂಪನಿಯ ಹಳೆಯ ಕೋಬಾಲ್ ಭಾಷೆಯ ಪ್ರೋಗ್ರಾಂಗಳು ಹೊಸ ಜಾವಾ ಭಾಷೆಗೆ ಬದಲಾಗಿ ಹೊರಬರುವುದನ್ನು ಸಾಲುಸಾಲಾಗಿ ಪರೀಕ್ಷಿಸುವುದು. ಮೂವತ್ತು ವರ್ಷ ನಾನು ಸಾಕಿದ ಪ್ರೋಗ್ರಾಂಗಳು. ಈಗ ಅವನ್ನು ಬದಲಾಯಿಸುವುದು ಒಂದು ಸಾಫ್ಟ್‌ವೇರ್ ಟೂಲ್. ಅದನ್ನು ನಡೆಸುವವಳು ಪ್ರಿಯಾ, ನನ್ನ ಮಗಳ ವಯಸ್ಸು.

ಮಧ್ಯಾಹ್ನ ನಮ್ಮ ಫ್ಲೋರ್ ಗುಡಿಸುವ ಜಟ್ಟೆಮ್ಮ ಒಂದು ಕಾಗದ ತಂದಳು. ಅವಳ ಆರೋಗ್ಯ ವಿಮೆಯೂ ಇದೇ ಕಂಪನಿಯದು. ಕಾರ್ಡಿನ ಅರ್ಜಿ ತಿರಸ್ಕೃತ.

“ಮೂರ್ನೇ ಸಲ ವಾಪಸ್ ಬಂದದ್ರೀ ಮೇಡಮ್. ಗಂಡನ ಹೆಸರಿಲ್ಲಂತ. ನಾ ಮದಿವೀನೇ ಆಗಿಲ್ಲ, ಎಲ್ಲಿಂದ ತರ್ಲಿರೀ?”

ಗರ್ಭಕೋಶದಲ್ಲಿ ಗಡ್ಡೆ. ಇದೇ ಹದಿನಾರಕ್ಕೆ ಆಪರೇಷನ್.

ಮೈಯೆಲ್ಲ ಉರಿಯಿತು. ಹೊಸ ಕೋಡಿನ ಮೊದಲ ಭಾಗ ಓಡಲು ಶುರುವಾಗಿ ಎರಡು ತಿಂಗಳಿಲ್ಲ, ಆಗಲೇ ಈ ಟೂಲ್‌ನವರ ಕಾರುಬಾರು!

ಮಂಗಳವಾರ, 6

ಎಲ್ಲರೆದುರು ಪ್ರಿಯಾಳನ್ನು ಬೈದೆ. “ಟೂಲ್‌ಗೆ ಬುದ್ಧಿ ಇಲ್ಲ ಸರಿ, ನಿಂಗೂ ಇಲ್ವಾ?”

ಹುಡುಗಿ ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದಳು. ಹಳೆಯ ಕೋಬಾಲ್ ತೆರೆದಳು. “ಇದ್ದದ್ದನ್ನ ಇದ್ದ ಹಾಗೇ ಮಾಡಿದೆ ಮೇಡಂ. ನೋಡಿ.”

ಹೆಣ್ಣು, ವಯಸ್ಸು ಇಪ್ಪತ್ತೈದು ದಾಟಿದೆ, ಗಂಡನ ಹೆಸರು ಖಾಲಿ — ತಿರಸ್ಕರಿಸು. ಮೇಲೆ ಬರೆದವರ ಹೆಸರು, ತಾರೀಖು. ಉಮ್ಮೆ ಕುಲ್ಸುಂ, 14-6-1995.

ನಾನು.

ಆಗಿನ ಸಾಹೇಬರು ಹೇಳಿದ್ದರು, ಬರೆದಿದ್ದೆ. ಒಂದು ಪ್ರಶ್ನೆ ಕೇಳಿರಲಿಲ್ಲ. ಆಗ ನನಗೇ ಇಪ್ಪತ್ತಾರು. ಮದುವೆ ಆಗಿರಲಿಲ್ಲ...

ಶುಕ್ರವಾರ, 9

ಆ ಸಾಲು ತೆಗೆಸೋಣ ಎಂದರೆ ಮ್ಯಾನೇಜರ್ ಮುನಿಕೃಷ್ಣಪ್ಪ ತಳ್ಳಿಹಾಕಿಬಿಟ್ಟರು. “ನಾವ್ಯಾಕ್ರೀ ತಲೆ ಹಾಕ್ಬೇಕು? ಇಷ್ಟು ವರ್ಷದಲ್ಲಿ ಒಬ್ರೂ ಕಂಪ್ಲೇಂಟ್ ಮಾಡಿಲ್ಲ.”

“ಯಾರ ಹತ್ರ ಮಾಡ್ಬೇಕಿತ್ತು? ಮಷೀನ್ ಹತ್ರಾನಾ?”

ಪ್ರಿಯಾಳ ಕ್ಷಮೆ ಕೇಳಿದೆ. ಅವಳೇ ಹಳೆಯ ಫೈಲುಗಳನ್ನು ಎಣಿಸಿ ಹೇಳಿದಳು — ಈ ಒಂದು ಸಾಲಿನಿಂದ ವಾಪಸ್ ಹೋದವರು ಹನ್ನೊಂದು ಸಾವಿರ ಹೆಂಗಸರು. ನಮ್ಮ ಕ್ಲೈಂಟ್ ಆದ ವಿಮಾ ಕಂಪನಿಗೇ ನೇರ ಮೇಲ್ ಹಾಕಿದೆ. ಮುನಿಕೃಷ್ಣಪ್ಪ ನನ್ನ ಜೊತೆ ಮಾತು ಬಿಟ್ಟರು.

ಬುಧವಾರ, 14

ಕ್ಲೈಂಟ್ ಒಪ್ಪಿದರು. ಸಾಲನ್ನು ನಾನೇ ಅಳಿಸಿದೆ. ಜಟ್ಟೆಮ್ಮನಿಗೆ ಕಾರ್ಡ್ ಬಂತು. “ಗಂಡನ ಕಾಟ ತಪ್ತು ಬಿಡ್ರೀ,” ಎಂದು ನಕ್ಕಳು.

ಆದರೆ ಹಳೆಯ ಅರ್ಜಿಗಳನ್ನು ಮತ್ತೆ ತೆರೆಯುವುದಿಲ್ಲವಂತೆ. ಕ್ಲೋಸ್ ಆದ ಕೇಸುಗಳಂತೆ. ಕ್ಲೋಸ್! ಯಾರಿಗೆ?

ಸೋಮವಾರ, 26

ಎಲ್ಲ ಪರೀಕ್ಷಿಸಿದ್ದೇನೆ, ಎಲ್ಲ ಸರಿಯಿದೆ ಎಂಬ ಕಾಗದ ಸಹಿಗೆ ಬಂತು. ಆ ಹನ್ನೊಂದು ಸಾವಿರ ಅರ್ಜಿ ಮುಚ್ಚಿಯೇ ಇರುವಾಗ ಹಾಕಲಿಲ್ಲ.

“ನೀವು ಹಾಕ್ದಿದ್ರೆ ಇನ್ನೊಬ್ರು ಹಾಕ್ತಾರೆ,” ಎಂದರು ಮುನಿಕೃಷ್ಣಪ್ಪ. ಹಾಕಲಿ. ನಾಳೆಯಿಂದ ಬರುವುದು ಬೇಡ ಎಂದೂ ಹೇಳಿದರು.

ಮನೆಗೆ ಬಂದವಳೇ ವಿಮಾ ಲೋಕಪಾಲರಿಗೆ ದೂರು ಬರೆಯಲು ಕೂತೆ. ತಪ್ಪು ಮಾಡಿದವರು ಯಾರು ಎಂಬಲ್ಲಿ ಮೊದಲು ನನ್ನ ಹೆಸರು ಬರೆದೆ. ಎರಡನೆಯದು — ಹಳೆಯ ಅರ್ಜಿಗಳನ್ನು ತೆರೆಯದ ಕಂಪನಿಯದು.