ಸೋಮವಾರದ ಉಸಿರು

8 ಜುಲೈ, ಸೋಮವಾರ. ಬನಹಟ್ಟಿ
ಆರಕ್ಕೇ ನಾಲ್ಕೂ ಮಗ್ಗ ಶುರು. ಎರಡನೆಯದರ ಬೆಲ್ಟ್ ಜಾರುತ್ತಿದೆ. ನೂಲಿನ ಕಂಡಿಕೆ ಸುತ್ತಲು ಕೂತಿದ್ದ ಶೇವಂತಿ ಹತ್ತಕ್ಕೆ ಎದ್ದು ಹೊರಗೆ ಬಂದಳು. ಮದುವೆಯಾಗಿ ಇಪ್ಪತ್ತೆರಡು ವರ್ಷ, ಕೆಲಸದ ನಡುವೆ ಎದ್ದವಳಲ್ಲ.
"ಏನಾತು?"
"ಏನಿಲ್ರೀ, ನಿಮ್ಮ ಮಾರಿ ನೋಡಬೇಕನಿಸ್ತು."
ನಗಲು ಹೋಗಿ ಕೆಮ್ಮಿದಳು. ಎದೆ ಬಿಗಿಯಂತೆ.

15 ಜುಲೈ, ಸೋಮವಾರ
ನಿನ್ನೆ ರಜೆ, ಆರಾಮಾಗಿ ರೊಟ್ಟಿ ಬಡಿದಳು. ಇವತ್ತು ಮಾತೇ ತುಂಡು ತುಂಡು. ಹಿಂದಿನ ಪುಟ ತಿರುವಿದೆ. ಮೇ, ಜೂನ್... ಅವಳ ಕೆಮ್ಮು ಬರೆದ ದಿನವೆಲ್ಲ ಸೋಮವಾರ. ಬರೆದವನಿಗೇ ಕಾಣಲಿಲ್ಲ.

18 ಜುಲೈ
ಜಮಖಂಡಿ. ಡಾಕ್ಟರ್ ಯಶೋಧರಾ ಶೇವಂತಿಯಿಂದ ನಳಿಕೆಯಲ್ಲಿ ಜೋರಾಗಿ ಊದಿಸಿದರು. ಬಾಯಿಗೆ ಹಿಡಿಯುವ ಔಷಧದ ಪಂಪ್ ಎಳೆಸಿ, ಕಾಲು ಗಂಟೆ ಕೂರಿಸಿ, ಮತ್ತೆ ಊದಿಸಿದರು. ಪರದೆಯ ಗೆರೆ ಮೇಲೇರಿತು. ಸೋಮವಾರಗಳ ಸಂಗತಿ ಹೇಳಿದೆ. ಪೆನ್ನು ಕೆಳಗಿಟ್ಟರು.
"ಹತ್ತಿ ಧೂಳರೀ ಇದು. ರಜಾ ಮುಗಿಸಿ ಬಂದ ದಿನಾನ ಎದಿ ಹಿಡೀತೈತಿ. ಪಂಪ್ ಉಸಿರಿನ ದಾರಿ ಬಿಚ್ಚತೈತಿ. ಧೂಳು ಮಾತ್ರ ನೀವ ಬಿಡಸಬೇಕು."
ಬಸ್ಸಿನಲ್ಲಿ ಅವಳ ಮುಖ ಕಿಟಕಿ ಕಡೆ. "ಪಂಪ್ ಹಿಡಿದ್ರ ಮಂದಿ ಏನಂದಾರು?"
"ನಾ ಚಸ್ಮಾ ಹಾಕ್ಕೊಂಡಾಗ ಏನಂದ್ರು?"
"ಮುದುಕ ಆದಾ ಅಂದ್ರು."

22 ಜುಲೈ
ಅವಳಿಗೆ ಮಗ್ಗದ ಕೋಣೆ ಬಂದ್. ಕಂಡಿಕೆಗೆ ನಾನೇ ಕೂತೆ. ನೂಲೆಲ್ಲ ಸಿಕ್ಕು. ಬಾಗಿಲಾಚೆಯಿಂದ ಹುಕುಂ — "ಎಡಗೈ ಸಡ್ಲ ಬಿಡ್ರೀ!"

9 ಆಗಸ್ಟ್
ಇಷ್ಟು ದಿನ ಬರೆಯುವಂಥದ್ದೇನೂ ಇರಲಿಲ್ಲ. ಇವತ್ತು ಪಂಪಿನ ಹಿಂದೆ, ಇನ್ನೆಷ್ಟು ಸಲ ಎಳೆಯಬಹುದೆಂದು ತೋರಿಸುವ ಅಂಕಿ ನೋಡಿದೆ. ತೀರಾ ಇಳಿದಿದೆ, ಡಾಕ್ಟರ್ ಹೇಳಿದ್ದಕ್ಕಿಂತ ಹೆಚ್ಚು ಎಳೆದಿದ್ದಾಳೆ. ಅವಳ ಸೆರಗಿಗೆ ಹತ್ತಿಯ ಎಳೆ. ವಿಚಾರಿಸಿದರೆ — ದಿನಾ ಮಧ್ಯಾಹ್ನ ಪಕ್ಕದ ಮನೆ ಲಗಮವ್ವನ ಶೆಡ್ಡಿನಲ್ಲಿ ಕಂಡಿಕೆ ಸುತ್ತುತ್ತಿದ್ದಾಳೆ!
ಕೂಗಾಡಿದೆ. ಕೂಗಾಡಬಾರದಿತ್ತು.
"ಖಾಲಿ ಕುಂತ್ರ ಇನ್ನೂ ಉಸಿರು ಕಟ್ಟತೈತ್ರೀ. ಲಗಮವ್ವಗೂ ಎದಿ ಹಿಡೀತೈತಿ. ಪಾಪ, ಆಕಿ ಮಲಗಿದ್ರ ಯಾರು ಸುತ್ತಬೇಕು?"
ಅವಳ ಕೆಲಸ ಕಿತ್ತುಕೊಂಡೆ, ಬದಲಿಗೆ ಏನೂ ಕೊಡಲಿಲ್ಲ.

12 ಆಗಸ್ಟ್
ನೇಯ್ದ ಸೀರೆ ನೋಡಿ, ಮಡಚಿ, ಪೇಟೆಗೆ ಕಳಿಸುವುದು ಇನ್ನು ಅವಳದು. ಮಾಳಿಗೆ ಮೇಲೆ, ಗಾಳಿಯಲ್ಲಿ.
"ಈ ಅಂಚು ಯಾರ ನೇಯ್ದಾರ? ನಿದ್ದಿ ಹತ್ತಿತ್ತೇನು?"
ನಾನೇ ನೇಯ್ದದ್ದು. ಹೇಳಲಿಲ್ಲ. ಅವಳಿಗೆ ಗೊತ್ತಿತ್ತು.

1 ಸೆಪ್ಟೆಂಬರ್
ಲಗಮವ್ವ ಕಟ್ಟೆ ಮೇಲೆ ಏದುಸಿರು ಬಿಡುತ್ತಾ ಕೂತಿದ್ದಳು. ದವಾಖಾನೆಗೆ ಒಲ್ಲೆನೆಂದಳು, ನಾಚಿಕೆಯಂತೆ. ಶೇವಂತಿ ಪಂಪ್ ತಂದು, ಓಣಿಯ ಮಂದಿಯೆಲ್ಲ ನೋಡುತ್ತಿರಲು, ತಾನೇ ಎರಡು ಸಲ ಎಳೆದುಕೊಂಡಳು.
"ನೋಡಿದೇನಬೇ? ಏನರ ಆತೇನು ನನಗ? ನಾಳಿಗೆ ಜಮಖಂಡಿಗಿ ಬರಬೇಕು ನೀ."
ನನ್ನ ಕಡೆ ತಿರುಗಿದಳು. "ನೀವೂ ಊದಬೇಕ್ರಿ. ತಿಂಗಳಾತು, ಕಂಡಿಕಿ ಮುಂದ ಕುಂತು ಕೆಮ್ಮಾಕತ್ತೀರಿ. ನಾ ಕೇಳ್ಸಿಕೊಂಡಿಲ್ಲ ಅನ್ಕೊಂಡ್ರೇನು?"

2 ಸೆಪ್ಟೆಂಬರ್, ಬೆಳಿಗ್ಗೆ 8
ಮಗ್ಗ ಬಂದ್. ಬಸ್ಸು ಎಂಟೂವರೆಗೆ. ಲಗಮವ್ವ ಹೊಸ ಸೀರೆ ಉಟ್ಟು ಬಂದಿದ್ದಾಳೆ. ಶೇವಂತಿ ಆಗಲೇ ಓಣಿಯ ತುದಿ ಮುಟ್ಟಿ, ಅಲ್ಲಿಂದಲೇ ನನ್ನನ್ನು ಕೂಗುತ್ತಿದ್ದಾಳೆ. ಒಂದೇ ಉಸಿರಿಗೆ ಮೂರು ಸಲ —